ಯೊಕ್ಟೊ ಬಿಲ್ಡ್ ಮೂರು ಸಲ ಬಿತ್ತು, ಹೊಸ ಕಂಪ್ಯೂಟರ್ ಕೊಳ್ಳಲೇಬೇಕಾ?

ಪ್ರಶ್ನೆ: ಇಷ್ಟು ವರ್ಷ ಮೈಕ್ರೊಕಂಟ್ರೋಲರ್ ಕೆಲಸ ಮಾಡಿದ್ದೇನೆ. ಈಗ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡ್‌ಗೆ ಯೊಕ್ಟೊ ಅನ್ನುವ ಬಿಲ್ಡ್ ಉಪಕರಣದಲ್ಲಿ ಲಿನಕ್ಸ್ ಇಮೇಜ್ (ಬೋರ್ಡ್ ಮೇಲೆ ಹಾಕುವ ಪೂರ್ತಿ ಸಿಸ್ಟಮ್) ಕಟ್ಟಬೇಕಿದೆ. ನನ್ನದು ವಿಂಡೋಸ್ ಲ್ಯಾಪ್‌ಟಾಪ್. 8 ಕೋರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ವರ್ಚುವಲ್ ಮೆಷಿನ್ ಮಾಡಿ, ಅದಕ್ಕೆ 8 ಜಿಬಿ ರ‍್ಯಾಮ್, 60 ಜಿಬಿ ಡಿಸ್ಕ್ ಕೊಟ್ಟು ಉಬುಂಟು 22.04 ಹಾಕಿದೆ. ಮೊದಲ ಬಿಲ್ಡ್‌ನಲ್ಲಿ ಡಿಸ್ಕ್ ತುಂಬಿತು. ಬಿಲ್ಡ್ ಫೋಲ್ಡರನ್ನು ವಿಂಡೋಸ್ ಜೊತೆ ಹಂಚಿಕೊಂಡ ಫೋಲ್ಡರ್‌ಗೆ ಸರಿಸಿದೆ, ಆಗ ಅರ್ಥವಾಗದ ಎರರ್‌ಗಳು. ಡಿಸ್ಕ್ ಸ್ವಲ್ಪ ದೊಡ್ಡದು ಮಾಡಿ ಮತ್ತೆ ಒಳಗೆ ತಂದೆ, ಮಧ್ಯರಾತ್ರಿ 'ಕಿಲ್ಡ್' ಅಂತ ಬಂದು ನಿಂತಿತು. ಹೊಸ ಕಂಪ್ಯೂಟರ್ ಬೇಕಾ? ಇಲ್ಲ ಯೊಕ್ಟೊ ಬಿಟ್ಟು ಅದೇ ಕೆಲಸದ ಇನ್ನೊಂದು ಉಪಕರಣ ಬಿಲ್ಡ್‌ರೂಟ್ ಹಿಡಿಯಲಾ? ಮೊದಲಿನಿಂದ ಸರಿಯಾಗಿ ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ಹೊಸ ಕಂಪ್ಯೂಟರ್ ಬೇಡ. ಇರುವುದರಲ್ಲೇ ಆಗುತ್ತದೆ. ಮೊದಲ ಬಿಲ್ಡ್ ಕೆಲವು ಗಂಟೆ ಹಿಡಿಯುತ್ತದೆ, ಅಷ್ಟೇ. ನೀವು ಬರೆದ ಮೂರು ಸೋಲುಗಳಲ್ಲಿ ಒಂದೂ ನಿಮ್ಮ ದಡ್ಡತನದಿಂದ ಆದದ್ದಲ್ಲ. ಈ ದಾರಿಯಲ್ಲಿ ಬಂದ ಬಹುತೇಕ ಎಲ್ಲರೂ ಇದೇ ಮೂರು ಕಲ್ಲು ಎಡವಿದ್ದಾರೆ, ನಾನೂ ಸೇರಿ. ಅದಕ್ಕೇ ಒಂದೊಂದನ್ನೂ ಬಿಡಿಸಿ ನೋಡೋಣ. ಯಾಕೆ ಬಿತ್ತು ಅಂತ ತಿಳಿದರೆ ಹೇಗೆ ಹೊಂದಿಸಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

ಮೈಕ್ರೊಕಂಟ್ರೋಲರ್ ಕಡೆಯಿಂದ ಬಂದವರಿಗೆ ಒಂದು ವಿಷಯ ಆಶ್ಚರ್ಯ ಅನ್ನಿಸುತ್ತದೆ. ಅಲ್ಲಿ ಕಂಪೈಲರ್ ಸಿದ್ಧವಾಗಿ ಸಿಗುತ್ತದೆ. ನಮ್ಮ ಕೋಡ್ ಕಂಪೈಲ್ ಮಾಡಿ ಚಿಪ್‌ಗೆ ಹಾಕಿದರೆ ಮುಗಿಯಿತು. ಯೊಕ್ಟೊ ಹಾಗಲ್ಲ. ಅದು ಮೊದಲು ಕಂಪೈಲರನ್ನೇ ಕಟ್ಟುತ್ತದೆ. ಆಮೇಲೆ ಸಿ ಲೈಬ್ರರಿ, ಕರ್ನಲ್, ಬೂಟ್‌ಲೋಡರ್, ಒಂದೊಂದು ಸಣ್ಣ ಪ್ರೋಗ್ರಾಮೂ ಸೋರ್ಸ್‌ನಿಂದಲೇ. ಇಷ್ಟೇ ಅಲ್ಲ, ಇವನ್ನೆಲ್ಲ ಕಟ್ಟಲು ನಿಮ್ಮ ಕಂಪ್ಯೂಟರ್‌ನಲ್ಲಿ ಬೇಕಾಗುವ ಹಲವು ಉಪಕರಣಗಳನ್ನೂ ತಾನೇ ಕಟ್ಟಿಕೊಳ್ಳುತ್ತದೆ. 'ಕೋರ್-ಇಮೇಜ್-ಮಿನಿಮಲ್' ಅನ್ನುವ ಹೆಸರು ನೋಡಿ ಮೋಸ ಹೋಗಬೇಡಿ. ಮಿನಿಮಲ್ ಅಂದದ್ದು ಬೋರ್ಡ್ ಮೇಲೆ ಕೂರುವ ಇಮೇಜ್‌ಗೆ. ಅದನ್ನು ಕಟ್ಟುವ ಹೊತ್ತಿಗೆ ಬಿಟ್‌ಬೇಕ್, ಅಂದರೆ ಯೊಕ್ಟೊದಲ್ಲಿ ಬಿಲ್ಡ್ ನಡೆಸುವ ಪ್ರೋಗ್ರಾಮ್, ಸಾವಿರಾರು ಟಾಸ್ಕ್ ಓಡಿಸಿರುತ್ತದೆ.

ಈಗ ಮೊದಲ ಸೋಲು, ಡಿಸ್ಕ್. ಯೊಕ್ಟೊ 5.0, ಅಂದರೆ ಸ್ಕಾರ್ಥ್‌ಗ್ಯಾಪ್‌ನ ಕೈಪಿಡಿ ಕನಿಷ್ಠ 140 ಜಿಬಿ ಖಾಲಿ ಜಾಗ, 32 ಜಿಬಿ ರ‍್ಯಾಮ್ ಇರಲಿ ಅನ್ನುತ್ತದೆ. ರ‍್ಯಾಮ್ ಅಷ್ಟಿಲ್ಲದೆಯೂ ನಡೆಸಬಹುದು, ಅದನ್ನು ಮೂರನೆಯ ಸೋಲಿನಲ್ಲಿ ನೋಡೋಣ. ಡಿಸ್ಕ್ ಮಾತ್ರ ನೀವು ಕೊಟ್ಟದ್ದು 60. ಜಾಗ ಎಲ್ಲಿ ಹೋಗುತ್ತದೆ ಅಂತ ನೋಡಬೇಕಾದರೆ ಬಿಲ್ಡ್ ಫೋಲ್ಡರ್ ಒಳಗಿನ 'ಟಿಎಂಪಿ' ಫೋಲ್ಡರ್, ಅದರೊಳಗಿನ 'ವರ್ಕ್' ಫೋಲ್ಡರ್ ತೆರೆಯಿರಿ. ಪ್ರತಿ ರೆಸಿಪಿಗೂ, ಅಂದರೆ ಒಂದೊಂದು ಪ್ರೋಗ್ರಾಮನ್ನು ಹೇಗೆ ಕಟ್ಟಬೇಕು ಅಂತ ಬರೆದ ಫೈಲ್‌ಗೂ, ಅಲ್ಲೊಂದು ಮನೆ. ಬಿಚ್ಚಿದ ಸೋರ್ಸ್, ಕಂಪೈಲ್ ಆದ ಆಬ್ಜೆಕ್ಟ್ ಫೈಲ್‌ಗಳು, ಇನ್‌ಸ್ಟಾಲ್ ಮಾಡಿದ ಪ್ರತಿ, ಪ್ಯಾಕೇಜ್‌ಗೆ ಒಡೆದ ಪ್ರತಿ, ಎಲ್ಲವೂ ಅಲ್ಲೇ ಉಳಿದಿರುತ್ತವೆ. ಕೆಲಸ ಮುಗಿದ ಮೇಲೂ ಯಾರೂ ಗುಡಿಸುವುದಿಲ್ಲ.

ಗುಡಿಸುವ ವ್ಯವಸ್ಥೆ ಇದೆ, ನಾವೇ ಕೇಳಿಕೊಳ್ಳಬೇಕು. ಬಿಲ್ಡ್‌ನ ಸೆಟ್ಟಿಂಗ್‌ಗಳಿರುವ ಲೋಕಲ್ ಕಾನ್ಫ್ ಫೈಲ್‌ನಲ್ಲಿ 'ಇನ್‌ಹೆರಿಟ್' ಸಾಲಿಗೆ 'ಆರ್‌ಎಂ ವರ್ಕ್' ಸೇರಿಸಿದರೆ, ಒಂದು ರೆಸಿಪಿಯ ಕೆಲಸ ಪೂರ್ತಿ ಮುಗಿದ ಕೂಡಲೇ ಅದರ ಮನೆ ಖಾಲಿ ಆಗುತ್ತದೆ. ಜಾಗ ತುಂಬಾ ಉಳಿಯುತ್ತದೆ. ಒಂದೇ ತೊಂದರೆ ಅಂದರೆ ಆಮೇಲೆ ಕರ್ನಲ್ ಸೋರ್ಸ್ ಒಳಗೆ ಇಣುಕಬೇಕು ಅಂದುಕೊಂಡಾಗ ಅಲ್ಲಿ ಏನೂ ಇರುವುದಿಲ್ಲ. ನೀವು ದಿನಾ ಕೈಯಾಡಿಸುವ ಎರಡು ಮೂರು ರೆಸಿಪಿಗಳನ್ನು 'ಆರ್‌ಎಂ ವರ್ಕ್ ಎಕ್ಸ್‌ಕ್ಲೂಡ್' ಪಟ್ಟಿಗೆ ಹಾಕಿ, ಅವನ್ನು ಮಾತ್ರ ಉಳಿಸಿಕೊಳ್ಳಿ. ಇದರ ಜೊತೆಗೆ ವರ್ಚುವಲ್ ಡಿಸ್ಕನ್ನು 200 ಜಿಬಿಗೆ ಏರಿಸಿ. ಬೇಕಾದ ಹಾಗೆ ಬೆಳೆಯುವ ಬಗೆಯ ಡಿಸ್ಕ್ ಆದರೆ ಇವತ್ತೇ 200 ಜಿಬಿ ನುಂಗುವುದಿಲ್ಲ.

ಒಂದು ಸಣ್ಣ ಸೂಚನೆ. 'ಡಿಸ್ಕ್‌ನಲ್ಲಿ ಜಾಗವಿಲ್ಲ' ಅಂತ ಬಂದಾಗಲೆಲ್ಲ ಜಾಗವೇ ಮುಗಿದಿದೆ ಅಂದುಕೊಳ್ಳಬೇಡಿ. ಯೊಕ್ಟೊ ಲಕ್ಷಗಟ್ಟಲೆ ಸಣ್ಣ ಫೈಲ್ ಮಾಡುತ್ತದೆ. ಜಾಗ ಇದ್ದೂ ಐನೋಡ್‌ಗಳು, ಅಂದರೆ ಒಂದೊಂದು ಫೈಲ್‌ಗೂ ಬೇಕಾದ ನಮೂದುಗಳು, ಖಾಲಿ ಆಗಿರಬಹುದು. 'ಡಿಎಫ್' ಕಮಾಂಡ್‌ಗೆ 'ಐ' ಆಯ್ಕೆ ಕೊಟ್ಟು ನೋಡಿದರೆ ಗೊತ್ತಾಗುತ್ತದೆ. ಕಿರ್ಕ್‌ಸ್ಟೋನ್‌ನಂಥ ಸ್ವಲ್ಪ ಹಳೆಯ ಬಿಡುಗಡೆಗಳಲ್ಲಿ ಫೈಲ್ ಬದಲಾವಣೆ ಗಮನಿಸುವ ಐನೋಟಿಫೈ ಮಿತಿ ಮೀರಿದಾಗಲೂ ಇದೇ ಮಾತು ಬರುತ್ತದೆ. ಅಲ್ಲಿ ಡಿಸ್ಕ್ ದೊಡ್ಡದು ಮಾಡಿದರೆ ಏನೂ ಉಪಯೋಗವಿಲ್ಲ, ಕರ್ನಲ್‌ನ ಆ ಮಿತಿ ಏರಿಸಬೇಕು.

ಎರಡನೆಯ ಸೋಲು, ಹಂಚಿಕೊಂಡ ಫೋಲ್ಡರ್. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಕಾಳಜಿಯ ವಿಷಯ. ಯಾಕಂದರೆ ಕೆಲವು ಸಲ ಇದು ತಕ್ಷಣ ಬೀಳುವುದಿಲ್ಲ, ಅರ್ಧ ದಾರಿ ಕರೆದುಕೊಂಡು ಹೋಗಿ ಕೈಬಿಡುತ್ತದೆ. ಲಿನಕ್ಸ್ ಕರ್ನಲ್ ಸೋರ್ಸ್‌ನ ನೆಟ್‌ಫಿಲ್ಟರ್ ಹೆಡರ್‌ಗಳಲ್ಲಿ 'ಎಕ್ಸ್‌ಟಿ ಮಾರ್ಕ್' ಅನ್ನುವ ಹೆಸರಿನ ಎರಡು ಫೈಲ್ ಇವೆ. ಒಂದರಲ್ಲಿ 'ಮಾರ್ಕ್' ಇಂಗ್ಲಿಷ್ ದೊಡ್ಡಕ್ಷರದಲ್ಲಿದೆ, ಇನ್ನೊಂದರಲ್ಲಿ ಸಣ್ಣಕ್ಷರದಲ್ಲಿ. ಲಿನಕ್ಸ್‌ಗೆ ಇವು ಬೇರೆ ಬೇರೆ ಫೈಲ್. ವಿಂಡೋಸ್‌ನ ಮಾಮೂಲಿ ಫೋಲ್ಡರ್‌ಗೆ ಎರಡೂ ಒಂದೇ. ಹಾಗಾಗಿ ಸೋರ್ಸ್ ಬಿಚ್ಚುವಾಗ ಎರಡನೆಯದು ಮೊದಲನೆಯದರ ಮೇಲೆ ಬಂದು ಕೂರುತ್ತದೆ. ಸದ್ದಿಲ್ಲದೆ ಒಂದು ಫೈಲ್ ಕಾಣೆ. ಇದಕ್ಕೆ ಸಿಂಬಾಲಿಕ್ ಲಿಂಕ್, ಹಾರ್ಡ್ ಲಿಂಕ್, ಫೈಲ್ ಅನುಮತಿಗಳ ತಕರಾರು ಸೇರಿಸಿ. ನಿಮಗೆ ಬಂದ 'ಅರ್ಥವಾಗದ ಎರರ್' ಇವೇ. ನೆಟ್‌ವರ್ಕ್ ಡ್ರೈವ್ ಕೂಡ ಬೇಡ. ಟಿಎಂಪಿ ಫೋಲ್ಡರ್ ಎನ್‌ಎಫ್‌ಎಸ್ ಮೇಲಿದ್ದರೆ ಬಿಟ್‌ಬೇಕ್ ಶುರುವಿನಲ್ಲೇ ಆಗುವುದಿಲ್ಲ ಅನ್ನುತ್ತದೆ. ಬಿಲ್ಡ್ ಯಾವಾಗಲೂ ಲಿನಕ್ಸ್‌ನದೇ ಫೈಲ್ ಸಿಸ್ಟಮ್ ಮೇಲೆ, ಎಕ್ಸ್‌ಟಿ4 ಸಾಕು, ಲೋಕಲ್ ಎಸ್‌ಎಸ್‌ಡಿಯಲ್ಲೇ ನಡೆಯಬೇಕು. ಫೋಲ್ಡರ್ ದಾರಿಯಲ್ಲಿ ಎಲ್ಲೂ ಸ್ಪೇಸ್ ಇರಬಾರದು. ಪ್ಲಸ್ ಗುರುತು, ಅಟ್ ಗುರುತು ಕೂಡ ಬೇಡ.

ಮೂರನೆಯದು, ಮಧ್ಯರಾತ್ರಿಯ 'ಕಿಲ್ಡ್'. ಲಾಗ್‌ನಲ್ಲಿ 'ಸಿಸಿ1ಪ್ಲಸ್' ಅನ್ನುವ ಹೆಸರಿನ ಪಕ್ಕ ಈ ಪದ ಬಂದಿದ್ದರೆ ಕೋಡ್‌ನಲ್ಲಿ ತಪ್ಪಿಲ್ಲ. ಸಿ++ ಕಂಪೈಲರ್ ರ‍್ಯಾಮ್ ತಿಂದು ತಿಂದು, ಕೊನೆಗೆ ಕರ್ನಲ್ ಅದನ್ನು ಕೊಂದಿದೆ. 'ಡಿಮೆಸೇಜ್' ಕಮಾಂಡ್ ಓಡಿಸಿ, 'ಔಟ್ ಆಫ್ ಮೆಮೊರಿ' ಅಂತ ಇರುತ್ತದೆ.

ಇಲ್ಲಿ ಲೆಕ್ಕ ಸ್ವಲ್ಪ ಗಮನವಿಟ್ಟು ನೋಡಿ. ಎರಡು ಸೆಟ್ಟಿಂಗ್ ಇವೆ. 'ಬಿಬಿ ನಂಬರ್ ಥ್ರೆಡ್ಸ್' ಅಂದರೆ ಒಟ್ಟಿಗೆ ಎಷ್ಟು ಟಾಸ್ಕ್ ಓಡಬೇಕು ಅನ್ನುವುದು. 'ಪ್ಯಾರಲಲ್ ಮೇಕ್' ಅಂದರೆ ಒಂದೊಂದು ಟಾಸ್ಕ್ ಒಳಗೆ ಎಷ್ಟು ಕಂಪೈಲರ್ ಓಡಬೇಕು ಅನ್ನುವುದು. ನೀವು ಏನೂ ಹೇಳದಿದ್ದರೆ ಎರಡೂ ನಿಮ್ಮ ಕೋರ್‌ಗಳ ಸಂಖ್ಯೆಯನ್ನೇ ತೆಗೆದುಕೊಳ್ಳುತ್ತವೆ. 8 ಕೋರ್ ಅಂದರೆ 8 ಟಾಸ್ಕ್, ಒಂದೊಂದರಲ್ಲಿ 8 ಕಂಪೈಲರ್. ಕೆಟ್ಟ ಗಳಿಗೆಯಲ್ಲಿ 64 ಕಂಪೈಲರ್ ಒಟ್ಟಿಗೆ. ಸಣ್ಣ ಸಿ ಫೈಲ್ ಆದರೆ ನಡೆದುಹೋಗುತ್ತದೆ. ದೊಡ್ಡ ಸಿ++ ಪ್ರಾಜೆಕ್ಟ್‌ಗಳು ಒಟ್ಟಿಗೆ ಬಂದರೆ 8 ಜಿಬಿ ಎಲ್ಲಿಗೆ ಸಾಕು? ಭಾರದ ಸಿ++ ಕೆಲಸಕ್ಕೆ ಒಂದು ಕಂಪೈಲರ್‌ಗೆ 2 ಜಿಬಿ ಅಂತ ಲೆಕ್ಕ ಇಟ್ಟುಕೊಳ್ಳುವುದು ನನ್ನ ರೂಢಿ.

ನಿಮಗೆ ನನ್ನ ಸಲಹೆ ಇದು. ವರ್ಚುವಲ್ ಮೆಷಿನ್‌ಗೆ 12 ಜಿಬಿ ಕೊಡಿ. ಬಿಲ್ಡ್ ನಡೆಯುವಾಗ ವಿಂಡೋಸ್ ಕಡೆ ಬ್ರೌಸರ್ ಮುಚ್ಚಿಡಿ. ಮೇಲಿನ ಎರಡೂ ಸೆಟ್ಟಿಂಗನ್ನು 4ಕ್ಕೆ ಇಳಿಸಿ. ಜೊತೆಗೆ 8 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಇಡಿ. ಒಂದು ರೆಸಿಪಿ ಮಾತ್ರ ಪದೇ ಪದೇ ರ‍್ಯಾಮ್ ಸಾಲದೆ ಬೀಳುತ್ತಿದ್ದರೆ ಇಡೀ ಬಿಲ್ಡನ್ನು ನಿಧಾನ ಮಾಡಬೇಕಿಲ್ಲ. ಆ ರೆಸಿಪಿಯ ಹೆಸರು ಹಚ್ಚಿ ಅದೊಂದಕ್ಕೇ ಪ್ಯಾರಲಲ್ ಮೇಕ್ ಇಳಿಸಬಹುದು. ಇನ್ನೊಂದು ಸಮಾಧಾನದ ಮಾತು: ಬಿದ್ದ ಬಿಲ್ಡ್ ಮತ್ತೆ ಓಡಿಸಿದರೆ ಮೊದಲಿನಿಂದ ಶುರು ಆಗುವುದಿಲ್ಲ. ಮುಗಿದ ಟಾಸ್ಕ್‌ಗಳು ಮುಗಿದ ಹಾಗೇ ಇರುತ್ತವೆ.

ಇಷ್ಟು ಮಾಡಿದರೆ ಬಿಲ್ಡ್ ದಡ ಮುಟ್ಟುತ್ತದೆ. ಆದರೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಬೇರೆ ಇದೆ. ಬಿಲ್ಡ್ ಫೋಲ್ಡರನ್ನು ಯಾವ ದಿನ ಬೇಕಾದರೂ ಅಳಿಸುವ ಧೈರ್ಯ ನಿಮಗಿರಬೇಕು. ಅಳಿಸಿ ಮತ್ತೆ ಕಟ್ಟಿದರೆ ಅದೇ ಇಮೇಜ್ ಬರಬೇಕು. ಆ ಧೈರ್ಯ ಇಲ್ಲ ಅಂದರೆ ನಿಮ್ಮ ವ್ಯವಸ್ಥೆ ಇನ್ನೂ ಸರಿಯಾಗಿಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ನಾನು ಹಿಂದೆ ಇದ್ದ ಒಂದು ತಂಡದಲ್ಲಿ ಇಮೇಜ್ ಕಟ್ಟಲು ಆಗುತ್ತಿದ್ದದ್ದು ಒಬ್ಬರ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಬೇರೆಯವರ ಹತ್ತಿರ ಆಗುತ್ತಿರಲಿಲ್ಲ. ಯಾಕೆ ಅಂತ ಯಾರೂ ಹುಡುಕಲಿಲ್ಲ, ಹೇಗೂ ಒಂದು ಕಡೆ ಆಗುತ್ತಿದೆಯಲ್ಲ ಅಂತ ಸುಮ್ಮನಿದ್ದೆವು. ಒಂದು ದಿನ ಆ ಡಿಸ್ಕ್ ಕೆಟ್ಟಿತು. ಅದೇ ವಾರ ಗ್ರಾಹಕರ ಕೈಯಲ್ಲಿದ್ದ ಉಪಕರಣಗಳಿಗೆ ಒಂದು ಭದ್ರತಾ ತಿದ್ದುಪಡಿ ಕಳುಹಿಸಬೇಕಿತ್ತು. ತಿದ್ದುಪಡಿ ಎರಡೇ ಸಾಲು. ಆದರೆ ಮೊದಲಿನ ಇಮೇಜನ್ನೇ ಮತ್ತೆ ಕಟ್ಟಲು ನಮಗೆ ಮೂರು ವಾರ ಬೇಕಾಯಿತು. ಆ ಲ್ಯಾಪ್‌ಟಾಪ್‌ನಲ್ಲಿ ಯಾವಾಗಲೋ ಕೈಯಿಂದ ಹಾಕಿದ ಒಂದು ಪ್ಯಾಚ್ ಟಿಎಂಪಿ ಫೋಲ್ಡರ್ ಒಳಗೇ ಉಳಿದುಹೋಗಿತ್ತು. ಕೋಡ್‌ನ ಇತಿಹಾಸ ಇಡುವ ಗಿಟ್‌ನಲ್ಲಿ ಅದರ ಸುಳಿವೇ ಇರಲಿಲ್ಲ. ಆ ಮೂರು ವಾರ ನಾನು ಇವತ್ತಿಗೂ ಮರೆತಿಲ್ಲ.

ಅದಕ್ಕೇ ಮೊದಲ ದಿನವೇ ಮೂರು ಜಾಗ ಬೇರೆ ಮಾಡಿ. ಒಂದು, ಡೌನ್‌ಲೋಡ್‌ಗಳ ಜಾಗ. ಯೊಕ್ಟೊದಲ್ಲಿ ಇದರ ಹೆಸರು 'ಡಿಎಲ್ ಡೈರ್'. ಇಂಟರ್‌ನೆಟ್‌ನಿಂದ ತಂದ ಸೋರ್ಸ್ ಇಲ್ಲಿರುತ್ತದೆ. ಇದನ್ನು ಚಿನ್ನದ ಹಾಗೆ ಕಾಪಾಡಿ, ಬ್ಯಾಕಪ್ ಮಾಡಿ. ಐದು ವರ್ಷ ಆದ ಮೇಲೆ ಆ ವೆಬ್‌ಸೈಟ್ ಇರುತ್ತದೆ ಅನ್ನುವ ಭರವಸೆ ಇಲ್ಲ. ಎರಡು, 'ಎಸ್‌ಸ್ಟೇಟ್ ಡೈರ್'. ಮುಗಿದ ಟಾಸ್ಕ್‌ಗಳ ಫಲಿತಾಂಶ ಇಲ್ಲಿ ಉಳಿಯುತ್ತದೆ. ಒಂದು ಟಾಸ್ಕ್‌ಗೆ ಬೇಕಾದ ಸೋರ್ಸ್, ಸೆಟ್ಟಿಂಗ್, ಅದು ಅವಲಂಬಿಸಿರುವ ಬೇರೆ ಟಾಸ್ಕ್‌ಗಳು, ಎಲ್ಲವನ್ನೂ ಸೇರಿಸಿ ಬಿಟ್‌ಬೇಕ್ ಒಂದು ಹ್ಯಾಶ್ ಮಾಡುತ್ತದೆ. ಅದೇ ಹ್ಯಾಶ್ ಹಿಂದೆ ಬಂದಿದ್ದರೆ ಮತ್ತೆ ಕಟ್ಟುವುದಿಲ್ಲ, ಇಲ್ಲಿಂದ ಎತ್ತಿಕೊಳ್ಳುತ್ತದೆ. ಮೊದಲ ಬಿಲ್ಡ್‌ಗೆ ಗಂಟೆಗಟ್ಟಲೆ ಹಿಡಿದದ್ದು ಎರಡನೆಯ ಸಲ ನಿಮಿಷಗಳಲ್ಲಿ ಮುಗಿಯುವುದು ಇದರಿಂದಲೇ. ಈ ಫೋಲ್ಡರ್ ಬೆಳೆಯುತ್ತಲೇ ಹೋಗುತ್ತದೆ. ಆಗಾಗ ಹಳೆಯದನ್ನು ಕಳೆಯಿರಿ. ಪೂರ್ತಿ ಹೋದರೂ ನಷ್ಟ ಸಮಯ ಮಾತ್ರ. ಮೂರು, 'ಟಿಎಂಪಿ ಡೈರ್'. ಇದು ಬಿಸಾಡುವ ಜಾಗ. ಇಲ್ಲಿ ಕೈಯಿಂದ ಏನೂ ತಿದ್ದಬೇಡಿ. ತಿದ್ದಿದರೆ ಅದು ಪ್ಯಾಚ್ ಆಗಿ ನಿಮ್ಮ ಲೇಯರ್ (ರೆಸಿಪಿ, ಸೆಟ್ಟಿಂಗ್‌ಗಳನ್ನು ಒಟ್ಟಿಗೆ ಇಡುವ ಫೋಲ್ಡರ್) ಒಳಗೆ ಹೋಗಲೇಬೇಕು. ಅದಕ್ಕೆ 'ಡೆವ್‌ಟೂಲ್' ಇದೆ. ಅದರ 'ಮಾಡಿಫೈ' ಸೋರ್ಸನ್ನು ಒಂದು ಗಿಟ್ ಫೋಲ್ಡರ್ ಆಗಿ ತೆರೆದು ಕೊಡುತ್ತದೆ. ನೀವು ಕಮಿಟ್ ಮಾಡಿ 'ಫಿನಿಶ್' ಅಂದರೆ ಪ್ಯಾಚ್ ಮಾಡಿ ಲೇಯರ್‌ಗೆ ಸೇರಿಸುತ್ತದೆ.

ಮೊದಲ ಎರಡು ಜಾಗಗಳನ್ನು ಬಿಲ್ಡ್ ಫೋಲ್ಡರ್‌ನ ಹೊರಗೆ ಇಡಿ. ಮಾಮೂಲಿಯಾಗಿ ಅವು ಒಳಗೇ ಇರುತ್ತವೆ. ಎಷ್ಟೋ ಜನ ಜಾಗ ಬೇಕು ಅಂತ ಬಿಲ್ಡ್ ಫೋಲ್ಡರ್ ಅಳಿಸುವಾಗ ಅವನ್ನೂ ಅಳಿಸಿ, ಮತ್ತೆ ಎಲ್ಲ ಡೌನ್‌ಲೋಡ್ ಮಾಡುತ್ತಾ ಕೂರುತ್ತಾರೆ.

ವರ್ಚುವಲ್ ಮೆಷಿನ್ನೇ ಇರಲಾ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್‌ಗೆ ಹೋಗಲಾ ಅನ್ನುವ ಪ್ರಶ್ನೆ ಮುಂದೆ ಬಂದೇ ಬರುತ್ತದೆ. ಡಬ್ಲ್ಯುಎಸ್‌ಎಲ್ 2 ಚೆನ್ನಾಗಿ ನಡೆಯುತ್ತದೆ. ಡಬ್ಲ್ಯುಎಸ್‌ಎಲ್ 1 ನಡೆಯುವುದಿಲ್ಲ. ಅಲ್ಲೂ ವಿಂಡೋಸ್‌ನ ಸಿ ಡ್ರೈವ್ ಒಳಗೆ ಬಿಲ್ಡ್ ಮಾಡಬೇಡಿ, ಕಾರಣ ಮೇಲೆ ಹೇಳಿದ್ದೇ. ಸಾಮಾನ್ಯವಾಗಿ ಅದು ಲ್ಯಾಪ್‌ಟಾಪ್‌ನ ಅರ್ಧ ರ‍್ಯಾಮ್ ಮಾತ್ರ ತೆಗೆದುಕೊಳ್ಳುತ್ತದೆ, ಕಾನ್ಫಿಗ್ ಫೈಲ್‌ನಲ್ಲಿ ಏರಿಸಿಕೊಳ್ಳಬೇಕು. ಅದರ ಡಿಸ್ಕ್ ಫೈಲ್ ಬೆಳೆಯುತ್ತದೆ, ಒಳಗೆ ಅಳಿಸಿದರೆ ತಾನಾಗಿ ಕುಗ್ಗುವುದಿಲ್ಲ, ನೀವೇ ಕುಗ್ಗಿಸಬೇಕು. ಎಸ್‌ಡಿ ಕಾರ್ಡ್ ರೀಡರ್, ಸೀರಿಯಲ್ ಕೇಬಲ್ ಅಲ್ಲಿ ನೇರವಾಗಿ ಕಾಣುವುದಿಲ್ಲ, ಬೇರೆ ಏರ್ಪಾಡು ಬೇಕು. ನಿಮ್ಮ ವರ್ಚುವಲ್ ಮೆಷಿನ್ ಈಗಾಗಲೇ ನಡೆಯುತ್ತಿದೆ, ಯುಎಸ್‌ಬಿ ಒಳಗೆ ಕೊಡುವುದೂ ಅಲ್ಲಿ ಸುಲಭ. ಸುಮ್ನೆ ಅದನ್ನು ಕೆಡವಬೇಡಿ, ಅದರಲ್ಲೇ ಮುಂದುವರಿಯಿರಿ. ಮುಂದೆ ತಂಡ ದೊಡ್ಡದಾದರೆ ಕಂಟೇನರ್‌ಗೆ ಹೋಗಿ.

ಉಬುಂಟು 22.04 ಇರಲಿ. 24.04ಕ್ಕೆ ಏರಿಸುವ ಮನಸ್ಸಾದರೆ ಒಂದು ಗೊತ್ತಿರಲಿ. ಅಲ್ಲಿ ಆ್ಯಪ್‌ಆರ್ಮರ್ ಅನ್ನುವ ಭದ್ರತಾ ವ್ಯವಸ್ಥೆ, ಸಾಮಾನ್ಯ ಬಳಕೆದಾರರು ಯೂಸರ್ ನೇಮ್‌ಸ್ಪೇಸ್ (ಪ್ರೋಗ್ರಾಮನ್ನು ಬೇರ್ಪಡಿಸಿ ಓಡಿಸುವ ಕರ್ನಲ್ ಸೌಲಭ್ಯ) ಬಳಸುವುದನ್ನು ತಡೆಯುತ್ತದೆ. ಬಿಟ್‌ಬೇಕ್‌ಗೆ ಅದು ಬೇಕು, ಯಾಕಂದರೆ ಡೌನ್‌ಲೋಡ್ ಬಿಟ್ಟು ಬೇರೆ ಟಾಸ್ಕ್‌ಗಳಿಗೆ ಅದು ನೆಟ್‌ವರ್ಕ್ ಕತ್ತರಿಸಿಡುತ್ತದೆ. ಆ ತಡೆ ಸಡಿಲಿಸುವವರೆಗೆ ಬಿಲ್ಡ್ ಶುರುವೇ ಆಗುವುದಿಲ್ಲ.

ಪ್ಯಾಕೇಜ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀವು ಬಳಸುವ ಬಿಡುಗಡೆಯ ಕೈಪಿಡಿಯಲ್ಲಿ ಒಂದು ಉದ್ದನೆಯ ಸಾಲು ಇದೆ, ಗಾಕ್, ಡಿಫ್‌ಸ್ಟ್ಯಾಟ್, ಸಿಎಚ್‌ಆರ್‌ಪಾತ್, ಝಡ್‌ಎಸ್‌ಟಿಡಿ ಅಂತೆಲ್ಲ. ಅದನ್ನು ಹಾಗೇ ಓಡಿಸಿ. ಬೇರೆ ಬಿಡುಗಡೆಯ ಪಟ್ಟಿ ತರಬೇಡಿ. ಅಮೆರಿಕನ್ ಇಂಗ್ಲಿಷ್‌ನ ಯುಟಿಎಫ್-8 ಲೊಕೇಲ್ ಹಾಕಿರಬೇಕು, ಇಲ್ಲದಿದ್ದರೆ ಬಿಟ್‌ಬೇಕ್ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ರೂಟ್ ಆಗಿ ಎಂದೂ ಓಡಿಸಬೇಡಿ. ಓಡಿಸಿದರೆ ಅದೇ ಬೇಡ ಅನ್ನುತ್ತದೆ.

ಬಿಡುಗಡೆಯ ಆಯ್ಕೆಗೆ ಮಾತ್ರ ಸಮಯ ಕೊಡಿ. ಯೊಕ್ಟೊದ ಒಂದೊಂದು ಬಿಡುಗಡೆಗೂ ಒಂದು ಹೆಸರು. ಕಿರ್ಕ್‌ಸ್ಟೋನ್ ಏಪ್ರಿಲ್ 2022ರದು, ಸ್ಕಾರ್ಥ್‌ಗ್ಯಾಪ್ ಏಪ್ರಿಲ್ 2024ರದು. ಎರಡೂ ದೀರ್ಘಾವಧಿ ಬೆಂಬಲದವು, ತಲಾ ನಾಲ್ಕು ವರ್ಷ. ಎಲ್ಲಕ್ಕಿಂತ ಹೊಸದು ಯಾವುದು ಅಂತ ಹುಡುಕಬೇಡಿ. ನಿಮ್ಮ ಬೋರ್ಡ್‌ನ ಲೇಯರ್ ಯಾವ ಬಿಡುಗಡೆಗೆ ಸಿದ್ಧವಿದೆ ಅಂತ ನೋಡಿ, ಅದನ್ನೇ ಹಿಡಿಯಿರಿ. ಆಮೇಲೆ ಪ್ರತಿ ಲೇಯರೂ ಅದೇ ಹೆಸರಿನ ಬ್ರಾಂಚ್‌ನಲ್ಲಿ ಇರಬೇಕು. ಒಂದು ಲೇಯರ್ ಕಿರ್ಕ್‌ಸ್ಟೋನ್, ಇನ್ನೊಂದು ಸ್ಕಾರ್ಥ್‌ಗ್ಯಾಪ್ ಆದರೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುವ ಕಥೆ.

ಲೇಯರ್ ಹೊಂದುವುದಿಲ್ಲ ಅಂತ ಬಿಟ್‌ಬೇಕ್ ಹೇಳಿದಾಗ ಅನೇಕರು ಆ ಲೇಯರ್‌ನ ಕಾನ್ಫ್ ಫೈಲ್‌ನಲ್ಲಿ ಬಿಡುಗಡೆಯ ಹೆಸರು ತಿದ್ದಿ ಬಾಯಿ ಮುಚ್ಚಿಸುತ್ತಾರೆ. ಹಾಗೆ ಮಾಡಬೇಡಿ. ಅಲ್ಲಿ ಹೆಸರು ಇರುವುದೇ ಯಾರೋ ಕೂತು ಪರೀಕ್ಷಿಸಿದ್ದಾರೆ ಅನ್ನುವ ಗುರುತಿಗೆ. ಒಂದು ಉದಾಹರಣೆ: ಅಕ್ಟೋಬರ್ 2021ರ ಹಾನಿಸ್ಟರ್ ಬಿಡುಗಡೆಯಲ್ಲಿ ರೆಸಿಪಿ ಬರೆಯುವ ರೀತಿಯೇ ಬದಲಾಯಿತು. 'ಡು ಇನ್‌ಸ್ಟಾಲ್' ಮತ್ತು 'ಅಪೆಂಡ್' ನಡುವೆ ಮೊದಲು ಅಂಡರ್‌ಸ್ಕೋರ್ ಬರುತ್ತಿತ್ತು, ಈಗ ಕೋಲನ್ ಬರಬೇಕು. ಹಳೆಯ ರೆಸಿಪಿಗಳ ಮಾದರಿ ನೋಡಿ ಬರೆಯುವವರು ಮೊದಲು ಎಡವುವುದು ಇಲ್ಲೇ.

ಈಗ ಮೊದಲ ಬಿಲ್ಡ್. ಬೀಗಲ್‌ಬೋನ್ ಮೇಲೆ ಆಸೆ ಇದ್ದರೂ ಮೊದಲು ಕ್ಯೂಇಎಂಯುಗೆ, ಅಂದರೆ ಕಂಪ್ಯೂಟರ್ ಒಳಗೇ ಇನ್ನೊಂದು ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್‌ಗೆ, ಕಟ್ಟಿ. ಮೆಷಿನ್ ಹೆಸರು 'ಕ್ಯೂಇಎಂಯು ಎಕ್ಸ್86-64' ಇಟ್ಟು ಕೋರ್-ಇಮೇಜ್-ಮಿನಿಮಲ್ ಕಟ್ಟಿ, 'ರನ್‌ಕ್ಯೂಇಎಂಯು' ಓಡಿಸಿ. ಅದಕ್ಕೆ 'ನೋಗ್ರಾಫಿಕ್', 'ಸ್ಲಿರ್ಪ್' ಎರಡು ಮಾತು ಸೇರಿಸಿದರೆ ರೂಟ್ ಅನುಮತಿಯೂ ಬೇಡ, ಹೊಸ ಕಿಟಕಿಯೂ ಬೇಡ, ಅದೇ ಟರ್ಮಿನಲ್‌ನಲ್ಲಿ ಬೂಟ್ ಆಗುತ್ತದೆ. ಸಾಲುಗಳು ಸರಸರ ಓಡಿ ಕೊನೆಗೆ ಲಾಗಿನ್ ಕೇಳುತ್ತದೆ. ಸ್ಕಾರ್ಥ್‌ಗ್ಯಾಪ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ 'ರೂಟ್' ಅಂತ ಹೊಡೆದು ಎಂಟರ್ ಒತ್ತಿದರೆ ಸಾಕು, ಪಾಸ್‌ವರ್ಡ್ ಇಲ್ಲ. ಅಭಿವೃದ್ಧಿಯ ಅನುಕೂಲಕ್ಕೆ ಹಾಗಿಟ್ಟಿದ್ದಾರೆ, 'ಡೀಬಗ್ ಟ್ವೀಕ್ಸ್' ಅನ್ನುವ ಸೆಟ್ಟಿಂಗ್ ಅದು. ಗ್ರಾಹಕರಿಗೆ ಹೋಗುವ ಇಮೇಜ್‌ನಲ್ಲಿ ಅದು ಇರಲೇಬಾರದು. ಹೊರಬರಲು ಕಂಟ್ರೋಲ್ ಜೊತೆ ಎ ಒತ್ತಿ, ಬಿಟ್ಟು, ಎಕ್ಸ್ ಒತ್ತಿ. ಇದು ಗೊತ್ತಿಲ್ಲದೆ ಟರ್ಮಿನಲ್ ಮುಚ್ಚಿದವರು ಬಹಳ.

ಕ್ಯೂಇಎಂಯು ಮೊದಲು ಯಾಕೆ? ಬೋರ್ಡ್ ಬೂಟ್ ಆಗದಿದ್ದರೆ ತಪ್ಪು ಕೇಬಲ್‌ನದಾ, ಕಾರ್ಡ್‌ನದಾ, ಪವರ್‌ನದಾ, ಬಿಲ್ಡ್‌ನದಾ ಅಂತ ನಾಲ್ಕು ದಿಕ್ಕಿಗೆ ಓಡಬೇಕು. ಕ್ಯೂಇಎಂಯು ಬೂಟ್ ಆದರೆ ಬಿಲ್ಡ್ ವ್ಯವಸ್ಥೆ ಸರಿ ಇದೆ ಅಂತ ಒಂದು ದಿಕ್ಕು ಮುಚ್ಚುತ್ತದೆ.

ಆಮೇಲೆ ಮೆಷಿನ್ ಹೆಸರನ್ನು 'ಬೀಗಲ್‌ಬೋನ್-ಯೊಕ್ಟೊ' ಮಾಡಿ ಕಟ್ಟಿ. ಇದು ಪೋಕಿ, ಅಂದರೆ ಯೊಕ್ಟೊದವರೇ ಕೊಡುವ ಮಾದರಿ ಡಿಸ್ಟ್ರಿಬ್ಯೂಷನ್, ಜೊತೆಗೇ ಬರುವ ಮೆಷಿನ್. ಎಸ್‌ಸ್ಟೇಟ್‌ನಿಂದಾಗಿ ನಿಮ್ಮ ಕಂಪ್ಯೂಟರ್‌ಗೆ ಬೇಕಾದ ಉಪಕರಣಗಳು ಹಾಗೇ ಸಿಗುತ್ತವೆ, ಆರ್ಮ್‌ಗೆ ಸೇರಿದ್ದು ಮಾತ್ರ ಹೊಸದಾಗಿ ಆಗುತ್ತದೆ. 'ಡಿಪ್ಲಾಯ್' ಒಳಗಿನ 'ಇಮೇಜಸ್' ಫೋಲ್ಡರ್‌ನಲ್ಲಿ ಹೆಸರು 'ವಿಕ್' ಅಂತ ಮುಗಿಯುವ ಇಮೇಜ್ ಸಿಗುತ್ತದೆ. ಕಾರ್ಡ್‌ಗೆ ಬರೆಯಲು 'ಡಿಡಿ' ಬದಲು 'ಬಿಮ್ಯಾಪ್‌ಟೂಲ್' ಬಳಸಿ. ಅದು ಖಾಲಿ ಭಾಗ ಬಿಟ್ಟು ಬರೆಯುವುದರಿಂದ ಬೇಗ ಮುಗಿಯುತ್ತದೆ. ಬಿಮ್ಯಾಪ್ ಫೈಲ್ ಜೊತೆಗಿದ್ದರೆ ಚೆಕ್‌ಸಮ್ ಕೂಡ ನೋಡುತ್ತದೆ. ಆ ಬಿಮ್ಯಾಪ್ ಫೈಲ್ ಇಲ್ಲದಿದ್ದರೆ ಲೋಕಲ್ ಕಾನ್ಫ್‌ನ 'ಇಮೇಜ್ ಎಫ್‌ಎಸ್‌ಟೈಪ್ಸ್' ಸಾಲಿಗೆ 'ವಿಕ್ ಡಾಟ್ ಬಿಮ್ಯಾಪ್' ಸೇರಿಸಿ. ಬರೆಯುವ ಮುಂಚೆ 'ಎಲ್‌ಎಸ್‌ಬ್ಲಾಕ್' ಕಮಾಂಡನ್ನು ಕಾರ್ಡ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಓಡಿಸಿ. ಹೊಸದಾಗಿ ಕಂಡದ್ದೇ ಕಾರ್ಡ್. ಈ ಹತ್ತು ಸೆಕೆಂಡ್ ಉಳಿಸಲು ಹೋಗಿ ಇಡೀ ಡಿಸ್ಕ್ ಅಳಿಸಿಕೊಂಡವರನ್ನು ನೋಡಿದ್ದೇನೆ.

ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಇನ್ನೊಂದು ಗುಂಡಿ ಇದೆ, ಅಕ್ಷರಶಃ ಗುಂಡಿ. ಬೋರ್ಡ್ ಮೇಲೆ ಮೊದಲೇ ಒಂದು ಇಎಂಎಂಸಿ ಸಂಗ್ರಹ ಚಿಪ್ ಇರುತ್ತದೆ, ಅದರಲ್ಲಿ ಹಳೆಯ ಇಮೇಜ್. ಸುಮ್ನೆ ಪವರ್ ಕೊಟ್ಟರೆ ಅದರಿಂದಲೇ ಬೂಟ್ ಆಗುತ್ತದೆ. ಎಸ್‌ಡಿ ಕಾರ್ಡ್‌ನಿಂದ ಬೂಟ್ ಆಗಬೇಕಾದರೆ ಕಾರ್ಡ್ ಹತ್ತಿರದ ಎಸ್2 ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪವರ್ ಕೊಡಬೇಕು. ಗೊತ್ತಿಲ್ಲದಿದ್ದರೆ ಏನಾಗುತ್ತದೆ ಅಂದರೆ, ನೀವು ಏನು ಬದಲಿಸಿದರೂ ಬೋರ್ಡ್ ಮೇಲೆ ಬದಲಾಗುವುದಿಲ್ಲ. ತಪ್ಪಿಲ್ಲದ ಬಿಲ್ಡನ್ನು ಅನುಮಾನಿಸುತ್ತಾ ದಿನ ಕಳೆಯುತ್ತೀರಿ. ಸೀರಿಯಲ್ ಕೇಬಲ್ 3.3 ವೋಲ್ಟ್‌ನದೇ ಇರಲಿ, 5 ವೋಲ್ಟ್ ಬೇಡ. ವೇಗ 115200. ನಿಮ್ಮ ಯೂಸರನ್ನು 'ಡಯಲ್‌ಔಟ್' ಗುಂಪಿಗೆ ಸೇರಿಸಿ, ಲಾಗೌಟ್ ಮಾಡಿ ಮತ್ತೆ ಬನ್ನಿ.

ಇಷ್ಟು ಹೊತ್ತಿಗೆ ನಿಮ್ಮ ಲೋಕಲ್ ಕಾನ್ಫ್‌ನಲ್ಲಿ ಹತ್ತಾರು ತಿದ್ದುಪಡಿ ಸೇರಿರುತ್ತವೆ. ಮೂರು ನಾಲ್ಕು ಗಿಟ್ ರೆಪೊಸಿಟರಿ ಕೈಯಿಂದ ಕ್ಲೋನ್ ಆಗಿರುತ್ತವೆ. ಇದನ್ನೆಲ್ಲ ನೆನಪಿನಿಂದ ತೆಗೆದು ಫೈಲ್‌ಗೆ ಇಳಿಸುವ ಸಮಯ ಇದೇ. ಸೀಮೆನ್ಸ್ ಕಂಪನಿಯವರು ಮಾಡಿ ಎಲ್ಲರಿಗೂ ತೆರೆದಿಟ್ಟಿರುವ 'ಕಾಸ್' ಅನ್ನುವ ಉಪಕರಣ ಇದಕ್ಕೆ ನನ್ನ ಆಯ್ಕೆ. ಒಂದೇ ಒಂದು ಯಾಮಲ್ ಫೈಲ್. ಅದರಲ್ಲಿ ಮೆಷಿನ್ ಹೆಸರು, ಇಮೇಜ್ ಹೆಸರು, ಪ್ರತಿ ರೆಪೊಸಿಟರಿಯ ವಿಳಾಸ, ಅದರ ಕಮಿಟ್, ಲೋಕಲ್ ಕಾನ್ಫ್‌ಗೆ ಸೇರಬೇಕಾದ ಸಾಲುಗಳು. ಬ್ರಾಂಚ್ ಹೆಸರು ಒಂದೇ ಬರೆದರೆ ಸಾಲದು, ಕಮಿಟ್ ಸಂಖ್ಯೆ ಪೂರ್ತಿ ಬರೆಯಿರಿ. ಬ್ರಾಂಚ್ ನಾಳೆ ಮುಂದೆ ಸಾಗುತ್ತದೆ, ಕಮಿಟ್ ಅಲ್ಲೇ ಇರುತ್ತದೆ. ಈ ಫೈಲ್ ಗಿಟ್‌ನಲ್ಲಿ ಇಟ್ಟರೆ ಹೊಸಬರು ಬಂದಾಗ 'ಕಾಸ್ ಬಿಲ್ಡ್' ಅಂತ ಹೊಡೆದರೆ ಸಾಕು. 'ಕಾಸ್-ಕಂಟೇನರ್' ಅಂದರೆ ಉಬುಂಟು ಯಾವುದು, ಪ್ಯಾಕೇಜ್ ಯಾವುದು ಅನ್ನುವ ತಲೆನೋವೂ ಇಲ್ಲ, ಕಂಟೇನರ್ ಒಳಗೆ ಎಲ್ಲ ಇರುತ್ತದೆ. ಡೌನ್‌ಲೋಡ್ ಮತ್ತು ಎಸ್‌ಸ್ಟೇಟ್ ಜಾಗಗಳನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಆಗಿ ಕೊಟ್ಟರೆ ಅದು ಹೊರಗಿನ ಫೋಲ್ಡರನ್ನೇ ಬಳಸುತ್ತದೆ.

ಬಿಲ್ಡ್‌ರೂಟ್ ಬಗ್ಗೆ ಕೇಳಿದ್ದೀರಿ. ಅದು ಒಳ್ಳೆಯ ಉಪಕರಣ, ಯೊಕ್ಟೊಗಿಂತ ಬೇಗ ಕೈಗೆ ಹತ್ತುತ್ತದೆ. ಮೇಕ್ ಮತ್ತು ಮೆನುಕಾನ್ಫಿಗ್ ಗೊತ್ತಿದ್ದರೆ ಒಂದು ಮಧ್ಯಾಹ್ನದಲ್ಲಿ ಇಮೇಜ್ ಸಿಗುತ್ತದೆ. ಡಿಸ್ಕ್ ಕೂಡ ತೀರಾ ಕಡಿಮೆ ಸಾಕು. ಪ್ರತಿ ವರ್ಷ ಫೆಬ್ರವರಿಯ ಬಿಡುಗಡೆ ದೀರ್ಘಾವಧಿ ಬೆಂಬಲದ್ದು. ಒಂದೇ ಬೋರ್ಡ್, ಒಂದೇ ಇಮೇಜ್, ಸಣ್ಣ ತಂಡ ಆದರೆ ನಾನೇ ಅದನ್ನು ಆರಿಸುತ್ತೇನೆ. ಆದರೆ ಟೂಲ್‌ಚೈನ್‌ನಂಥದ್ದು ಬದಲಿಸಿದರೆ ಪೂರ್ತಿ ಅಳಿಸಿ ಮತ್ತೆ ಕಟ್ಟಬೇಕು. ಬೋರ್ಡ್‌ಗಳು ಮೂರು ನಾಲ್ಕು ಆದರೆ, ಬೋರ್ಡ್ ಮೇಲೆ ಪ್ಯಾಕೇಜ್ ಬಿಡಿ ಬಿಡಿಯಾಗಿ ಹಾಕಬೇಕಾದರೆ ಯೊಕ್ಟೊ ಸರಿ. ನಿಮಗೆ ಯೊಕ್ಟೊ ಅಂತ ಹೇಳಿ ಕೊಟ್ಟ ಕೆಲಸ ಆದ್ದರಿಂದ ಬಿಡಬೇಡಿ. ನೀವು ಎಡವಿದ ಮೂರು ಕಲ್ಲುಗಳು ಬಿಲ್ಡ್‌ರೂಟ್ ದಾರಿಯಲ್ಲೂ ಇವೆ, ಸ್ವಲ್ಪ ಚಿಕ್ಕವು ಅಷ್ಟೇ. ಡಬ್ಲ್ಯುಎಸ್‌ಎಲ್‌ನಲ್ಲಿ ಅದು ಇನ್ನೊಂದು ಕಡೆ ನಿಲ್ಲುತ್ತದೆ: ವಿಂಡೋಸ್‌ನ ಪಾತ್ ಒಳಗೆ ಬಂದು, ಅದರಲ್ಲಿ ಸ್ಪೇಸ್ ಇರುವುದರಿಂದ, ಪಾತ್ ಸರಿ ಮಾಡು ಅಂತ ಹೇಳಿ ಕೂರುತ್ತದೆ.

ಎಲ್ಲ ಆದ ಮೇಲೆ ಒಂದು ಪರೀಕ್ಷೆ ಮಾಡಿ. ಮೊದಲು ಬಿಟ್‌ಬೇಕ್‌ಗೆ 'ರನ್‌ಆಲ್ ಫೆಚ್' ಕೊಟ್ಟು ಬೇಕಾದ ಸೋರ್ಸ್ ಎಲ್ಲ ಡೌನ್‌ಲೋಡ್ ಆಗಿದೆ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ 'ಬಿಬಿ ನೋ ನೆಟ್‌ವರ್ಕ್' ಅನ್ನು 1 ಮಾಡಿ. ಎಸ್‌ಸ್ಟೇಟ್ ಫೋಲ್ಡರನ್ನು ಬೇರೆ ಹೆಸರಿಗೆ ಸರಿಸಿಡಿ. ಟಿಎಂಪಿ ಅಳಿಸಿ. ಸಂಜೆ ಬಿಲ್ಡ್ ಹಚ್ಚಿ ಮಲಗಿ. ಬೆಳಿಗ್ಗೆ ಇಮೇಜ್ ಬಂದಿದ್ದರೆ, ಅದು ಬೋರ್ಡ್ ಮೇಲೆ ಮೊದಲಿನ ಹಾಗೇ ಬೂಟ್ ಆದರೆ, ಲ್ಯಾಪ್‌ಟಾಪ್ ಕಳೆದುಹೋದರೂ ನಿಮ್ಮ ಹತ್ತಿರ ಬೇಕಾದದ್ದೆಲ್ಲ ಇದೆ: ಕಾಸ್ ಫೈಲ್, ನಿಮ್ಮ ಲೇಯರ್, ಡೌನ್‌ಲೋಡ್‌ಗಳ ಬ್ಯಾಕಪ್. ನನ್ನ ಹಳೆಯ ತಂಡ ಈ ಪರೀಕ್ಷೆ ಒಂದು ರಾತ್ರಿ ಮಾಡಿದ್ದರೆ ಆ ಪ್ಯಾಚ್ ಕಾಣೆಯಾದದ್ದು ಮರುದಿನವೇ ಗೊತ್ತಾಗುತ್ತಿತ್ತು.

ಮಧ್ಯೆ ಎಲ್ಲಾದರೂ ಬಿದ್ದರೆ ಪರದೆ ಮೇಲಿನ ಕೆಂಪು ಸಾಲುಗಳ ಕೊನೆಯದನ್ನು ನೋಡಬೇಡಿ. ಒಂದು ಕಡೆ ಬಿದ್ದದ್ದರಿಂದ ಉಳಿದವೂ ಸಾಲಾಗಿ ಬಿದ್ದಿರುತ್ತವೆ. ಮೊದಲ ಎರರ್ ಯಾವ ರೆಸಿಪಿಯದು ನೋಡಿ. ಅಲ್ಲೇ ಲಾಗ್ ಫೈಲ್‌ನ ಪೂರ್ತಿ ದಾರಿ ಬರೆದಿರುತ್ತದೆ, ಆ ರೆಸಿಪಿಯ 'ಟೆಂಪ್' ಫೋಲ್ಡರ್ ಒಳಗೆ 'ಲಾಗ್ ಡಾಟ್ ಡು ಕಂಪೈಲ್' ಅನ್ನುವಂಥ ಹೆಸರು. ಅದನ್ನು ತೆರೆದು ಕೆಳಗಿನಿಂದ ಮೇಲಕ್ಕೆ ಹೋಗುತ್ತಾ 'ಎರರ್' ಪದ ಮೊದಲು ಎಲ್ಲಿ ಬಂದಿದೆ ಅಂತ ಹುಡುಕಿ. ಆ ಸಾಲು, ಅದರ ಹಿಂದಿನ ಇಪ್ಪತ್ತು ಸಾಲು, ಮತ್ತು ನಿಮ್ಮ ಕಾಸ್ ಫೈಲ್ ಕಳುಹಿಸಿ. ನೋಡಿ ಹೇಳುತ್ತೇನೆ.